ದವಾ ಮತ್ತು ದುವಾ



ಉರ್ದು ಮಾತನಾಡುವ ಮನೆಗಳಲ್ಲಿ ಎರಡು ಪುಟ್ಟ ಪದಗಳು ಜೊತೆಜೊತೆಯಾಗಿ ಕೇಳಿಬರುತ್ತವೆ. ಒಂದು ದವಾ, ಇನ್ನೊಂದು ದುವಾ. ದವಾ ಎಂದರೆ ಔಷಧ, ದುವಾ ಎಂದರೆ ಪ್ರಾರ್ಥನೆ. ನಮ್ಮ ಲಿಪಿಯಲ್ಲಿ ಬರೆದರೆ ಒಂದು ಕೊಂಬಿನಷ್ಟೇ ವ್ಯತ್ಯಾಸ. ಮನೆಯಲ್ಲಿ ಮಗುವೊಂದು ಕಠಿಣ ಕಾಯಿಲೆಗೆ ತುತ್ತಾದಾಗ ಈ ಎರಡು ಪದಗಳ ನಡುವಿನ ಸಂಬಂಧ ಹೇಗಿರಬೇಕು ಎಂಬುದು ಆ ಮನೆಯ ಬಹು ದೊಡ್ಡ ಪ್ರಶ್ನೆಯಾಗುತ್ತದೆ. ಅಂಥ ಹೊತ್ತಿನಲ್ಲಿ ಮುಸ್ಲಿಂ ಕುಟುಂಬಗಳು ತಮ್ಮ ಧರ್ಮಶ್ರದ್ಧೆಯಿಂದ ಹೇಗೆ ಬಲ ಪಡೆಯುತ್ತವೆ, ಆ ಬಲ ಎಲ್ಲಿ ನೆರವಾಗುತ್ತದೆ, ಎಲ್ಲಿ ಎಚ್ಚರ ಬೇಕಾಗುತ್ತದೆ ಎಂಬುದೇ ಈ ಭಾಷಣದ ವಿಷಯ.

ಇದನ್ನು ನಾವೇಕೆ ತಿಳಿಯಬೇಕು ಎಂದು ನೀವು ಕೇಳಬಹುದು. ಕಾರಣ ಸರಳವಾಗಿದೆ. ಕಾಯಿಲೆ ಬಿದ್ದ ಮಗು ನಿಮ್ಮ ಬೆಂಚಿನಲ್ಲೇ ಕುಳಿತು ಓದುವ ಗೆಳೆಯನಾಗಿರಬಹುದು, ಗೆಳತಿಯ ತಮ್ಮನಾಗಿರಬಹುದು. ಮುಂದೆ ನಿಮ್ಮಲ್ಲಿ ಕೆಲವರು ವೈದ್ಯರೋ ದಾದಿಯರೋ ಆಗಿ ಆ ಮಗುವಿನ ಹಾಸಿಗೆಯ ಬಳಿ ನಿಲ್ಲಬಹುದು. ನಿಮ್ಮಲ್ಲಿ ಕೆಲವರ ಮನೆಯ ಮಾತೇ ಇದಾಗಿರಬಹುದು. ಆದರೆ ಒಂದು ಮಾತು ಮೊದಲೇ ನೆನಪಿರಲಿ. ಕರ್ನಾಟಕದ ಮುಸ್ಲಿಮರೆಲ್ಲರೂ ಒಂದೇ ಅಚ್ಚಿನವರಲ್ಲ. ಬಯಲುಸೀಮೆಯಲ್ಲಿ ದಖನಿ ಉರ್ದು, ಮಂಗಳೂರಿನ ಕಡೆ ಬ್ಯಾರಿ, ಭಟ್ಕಳದಲ್ಲಿ ನವಾಯತಿ, ಎಷ್ಟೋ ಮನೆಗಳಲ್ಲಿ ಅಪ್ಪಟ ಕನ್ನಡ. ಭಾಷೆ ಬೇರೆಯಾಗಿರುವಂತೆ ಆಚರಣೆಗಳೂ ಬೇರೆ. ಆದ್ದರಿಂದ ಮುಂದೆ ಹೇಳುವುದು ಎಲ್ಲ ಮನೆಗಳಿಗೂ ಒಂದೇ ಅಳತೆಯಲ್ಲಿ ಹೊಂದುತ್ತದೆಂದು ಭಾವಿಸಬೇಡಿ.

ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ತಂದೆ ದರ್ಜಿ. ಹತ್ತು ವರ್ಷದ ಮಗನಿಗೆ ಬಿಟ್ಟೂಬಿಡದೆ ಜ್ವರ, ಮುಖ ಬಿಳಿಚಿಕೊಂಡಿದೆ, ಮೈಮೇಲೆ ಅಲ್ಲಲ್ಲಿ ನೀಲಿ ಕಲೆಗಳು. ರಕ್ತ ಪರೀಕ್ಷೆಯಾದ ಮೇಲೆ ಊರಿನ ವೈದ್ಯರು ಬೆಂಗಳೂರಿಗೆ ಕಳಿಸುತ್ತಾರೆ. ಅಲ್ಲಿ ತಿಳಿಯುವ ಹೆಸರು ಲುಕೇಮಿಯ, ಅಂದರೆ ರಕ್ತದ ಕ್ಯಾನ್ಸರ್. ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಇದೇ. ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರ ಸಚಿವರೂ ಆಗಿದ್ದ ರಫಿ ಅಹಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಇಂಥ ಮಕ್ಕಳು ನಾಡಿನ ಮೂಲೆಮೂಲೆಗಳಿಂದ ಬರುತ್ತಾರೆ. ಚಿಕಿತ್ಸೆ ಒಂದೆರಡು ವಾರದ್ದಲ್ಲ, ಎರಡರಿಂದ ಮೂರು ವರ್ಷಗಳದ್ದು. ತಾಯಿ ವಾರ್ಡಿನಲ್ಲಿ, ತಂದೆ ಅಂಗಡಿಗೂ ಆಸ್ಪತ್ರೆಗೂ ನಡುವೆ ಬಸ್ಸಿನಲ್ಲಿ, ಅಕ್ಕ ಅಜ್ಜಿಯ ಮನೆಯಲ್ಲಿ. ಇಂಥ ಮನೆಯೊಳಗೆ ನಾಲ್ಕು ಪ್ರಶ್ನೆಗಳು ಏಳುತ್ತವೆ. ನಮಗೇ ಏಕೆ ಹೀಗಾಯಿತು? ದೇವರ ಇಚ್ಛೆಯಿದ್ದಂತಾಗಲಿ ಎಂದಮೇಲೆ ಔಷಧ ಏಕೆ? ಇಷ್ಟು ದೀರ್ಘ ದಿನಗಳನ್ನು ಕಳೆಯುವುದು ಹೇಗೆ? ಮಗು ಉಳಿಯದೇ ಹೋದರೆ? ಇವನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ಪ್ರಶ್ನೆ ಬಹಳ ಕ್ರೂರವಾದದ್ದು. ‘ನಾವು ಮಾಡಿದ ಯಾವ ತಪ್ಪಿಗೆ ಈ ಶಿಕ್ಷೆ?’ ಎಂದು ತಾಯಂದಿರು ತಮ್ಮನ್ನೇ ಚುಚ್ಚಿಕೊಳ್ಳುತ್ತಾರೆ. ನೆರೆಹೊರೆಯವರು ಕೆಲವೊಮ್ಮೆ ಇದನ್ನು ಬಾಯಿಬಿಟ್ಟೇ ಹೇಳುತ್ತಾರೆ. ಇಸ್ಲಾಮಿನ ತಿಳಿವಳಿಕೆ ಇಲ್ಲಿ ಸ್ಪಷ್ಟವಾಗಿದೆ. ಮಗು ಹುಟ್ಟುವಾಗ ಪಾಪರಹಿತವಾಗಿಯೇ ಹುಟ್ಟುತ್ತದೆ; ಪ್ರಾಯಕ್ಕೆ ಬರುವವರೆಗೆ ಅದರ ಲೆಕ್ಕದಲ್ಲಿ ಪಾಪ ಬರೆಯಲ್ಪಡುವುದಿಲ್ಲ; ಒಬ್ಬರ ಹೊರೆಯನ್ನು ಇನ್ನೊಬ್ಬರ ಹೆಗಲಿಗೆ ಹೊರಿಸಲಾಗದು ಎಂಬುದು ಕುರ್‌ಆನಿನಲ್ಲಿ ಮತ್ತೆ ಮತ್ತೆ ಬರುವ ತತ್ತ್ವ. ಅಯ್ಯೂಬ್ ಪ್ರವಾದಿಯ ಕಥೆಯನ್ನು ಮನೆಯ ಹಿರಿಯರು ನೆನಪಿಸುವುದೂ ಇದಕ್ಕೇ. ಆತ ಸಜ್ಜನ, ದೈವಭಕ್ತ; ಆದರೂ ಸಂಪತ್ತು ಹೋಯಿತು, ಸಂಸಾರ ಹೋಯಿತು, ಆರೋಗ್ಯ ಹೋಯಿತು. ಒಳ್ಳೆಯವರಿಗೂ ಕಷ್ಟ ಬರುತ್ತದೆ, ಆದುದರಿಂದ ಕಷ್ಟವು ಕೆಟ್ಟತನದ ಗುರುತಲ್ಲ ಎಂಬುದೇ ಆ ಕಥೆಯ ತಿರುಳು. ವೈದ್ಯಶಾಸ್ತ್ರವೂ ಇನ್ನೊಂದು ದಾರಿಯಿಂದ ಇದೇ ಸಮಾಧಾನವನ್ನು ಕೊಡುತ್ತದೆ. ಮಕ್ಕಳ ಲುಕೇಮಿಯದಲ್ಲಿ ಮೂಳೆಯ ಮಜ್ಜೆಯ ಜೀವಕೋಶಗಳ ವಂಶವಾಹಿಗಳಲ್ಲಿ ಬದಲಾವಣೆಗಳಾಗುತ್ತವೆ. ಬಹುಪಾಲು ಮಕ್ಕಳಲ್ಲಿ ಇದು ತಂದೆತಾಯಿ ಮಾಡಿದ್ದರಿಂದಲೂ ಅಲ್ಲ, ಮಾಡದೆ ಬಿಟ್ಟದ್ದರಿಂದಲೂ ಅಲ್ಲ. ಅದು ಅಂಟುರೋಗವೂ ಅಲ್ಲ.

ಕೆಲವರು ಕಾಯಿಲೆಯನ್ನು ‘ಪರೀಕ್ಷೆ’ ಎಂದು ಕರೆಯುತ್ತಾರೆ. ತಂದೆತಾಯಿ ತಾವಾಗಿಯೇ ಹಾಗೆ ತಿಳಿದಾಗ ಆ ಮಾತು ಅವರಿಗೆ ಬೆನ್ನೆಲುಬಾಗುತ್ತದೆ. ಆದರೆ ಅದೇ ಮಾತನ್ನು ಹೊರಗಿನವರು ಬಂದು ಉಪದೇಶದಂತೆ ಹೇಳಿದರೆ ಕಲ್ಲು ಎಸೆದಂತಾಗುತ್ತದೆ. ಸಮಾಧಾನದ ಮಾತಿಗೂ ಸಮಯ ಸಂದರ್ಭಗಳಿವೆ ಎಂಬುದನ್ನು ನಾವು ಕಲಿಯಬೇಕು.

ಎರಡನೆಯ ಪ್ರಶ್ನೆ ಔಷಧದ್ದು. ‘ಎಲ್ಲವೂ ಅಲ್ಲಾಹನ ಇಚ್ಛೆ’ ಎಂಬ ಮಾತನ್ನು ಕೇಳಿದವರು ಇದು ಕೈಕಟ್ಟಿ ಕೂರುವ ಮಾತೆಂದು ತಪ್ಪು ತಿಳಿಯುವುದುಂಟು. ಸಂಪ್ರದಾಯವನ್ನೇ ಕೇಳಿ ನೋಡೋಣ. ಒಂಟೆಯನ್ನು ಬಿಚ್ಚಿಬಿಟ್ಟು ದೇವರ ಮೇಲೆ ಭಾರ ಹಾಕಲೇ ಎಂದು ಕೇಳಿದವನಿಗೆ, ಮೊದಲು ಒಂಟೆಯನ್ನು ಕಟ್ಟು, ಆಮೇಲೆ ಭಾರ ಹಾಕು ಎಂದು ಪ್ರವಾದಿ ಮುಹಮ್ಮದರು ಹೇಳಿದರೆಂಬ ಹದೀಸ್ ಮುಸ್ಲಿಂ ಮನೆಗಳಲ್ಲಿ ಗಾದೆಯಷ್ಟೇ ಪರಿಚಿತ. ಚಿಕಿತ್ಸೆ ಮಾಡಿಸಿಕೊಳ್ಳಬಹುದೇ ಎಂದು ಮರುಭೂಮಿಯ ಜನ ಕೇಳಿದಾಗ, ಮುಪ್ಪೊಂದನ್ನು ಬಿಟ್ಟು ಪ್ರತಿ ರೋಗಕ್ಕೂ ಮದ್ದಿದೆ, ಚಿಕಿತ್ಸೆ ಪಡೆಯಿರಿ ಎಂಬರ್ಥದ ಉತ್ತರ ಅವರಿಗೆ ಸಿಕ್ಕಿತೆಂದು ಇನ್ನೊಂದು ಹದೀಸ್ ತಿಳಿಸುತ್ತದೆ. ಏಳನೆಯ ಶತಮಾನದಲ್ಲಿ ಖಲೀಫ ಉಮರ್ ಸಿರಿಯಾದತ್ತ ಹೊರಟಿದ್ದಾಗ ಅಲ್ಲಿ ಪ್ಲೇಗು ಹಬ್ಬಿರುವ ಸುದ್ದಿ ಬಂತು. ಅವರು ಹಿಂದಿರುಗಲು ನಿರ್ಧರಿಸಿದರು. ದೇವರ ವಿಧಿಯಿಂದ ಓಡಿಹೋಗುತ್ತೀರಾ ಎಂದು ಸಂಗಡಿಗರೊಬ್ಬರು ಕೇಳಿದರು. ಹೌದು, ದೇವರ ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ, ಎಂಬುದು ಉಮರ್ ಕೊಟ್ಟ ಉತ್ತರದ ಸಾರ. ಇದನ್ನು ನಮ್ಮ ದರ್ಜಿಯ ಮನೆಗೆ ಅನ್ವಯಿಸಿ ನೋಡಿ. ಕಾಯಿಲೆ ವಿಧಿಯಾದರೆ, ಕೀಮೊಥೆರಪಿಯೂ ವಿಧಿಯೇ, ಅದನ್ನು ಕೊಡುವ ದಾದಿಯ ಕೈಯೂ ವಿಧಿಯೇ.

ಇದು ಬರಿಯ ಮಾತಾಗಿ ಉಳಿಯಲಿಲ್ಲ. ಹತ್ತನೆಯ ಶತಮಾನದ ಆದಿಯಲ್ಲಿ ತೀರಿಕೊಂಡ ಪಾರಸಿಕ ದೇಶದ ವೈದ್ಯ ಅಲ್-ರಾಝಿ ಸಿಡುಬಿಗೂ ದಡಾರಕ್ಕೂ ಇರುವ ವ್ಯತ್ಯಾಸವನ್ನು ಗ್ರಂಥವಾಗಿ ಬರೆದರು. ದಮಾಸ್ಕಸ್ಸಿನಲ್ಲಿ 1154ರಲ್ಲಿಯೂ, ಕೈರೋದಲ್ಲಿ 1284ರಲ್ಲಿಯೂ ದೊಡ್ಡ ಆಸ್ಪತ್ರೆಗಳು ತಲೆಯೆತ್ತಿದವು. ಅವು ದಾನದತ್ತಿಯ ಹಣದಿಂದ ನಡೆಯುತ್ತಿದ್ದವು. ರೋಗಿಗೆ ಮದ್ದು ಕೊಡುವುದು ಪುಣ್ಯಕಾರ್ಯವೆಂಬ ಭಾವನೆಯೇ ಆ ಕಟ್ಟಡಗಳ ಅಡಿಪಾಯ.

ಇದನ್ನೆಲ್ಲ ಒಂದೇ ಚಿತ್ರದಲ್ಲಿ ತೋರಿಸುವ ಕಥೆ ಹಾಜಿರಾಳದು. ನೀರಿಲ್ಲದ ಮೆಕ್ಕಾದ ಕಣಿವೆಯಲ್ಲಿ ಹಸುಗೂಸು ಇಸ್ಮಾಯಿಲ್ ಬಾಯಾರಿ ಒದ್ದಾಡುತ್ತಿದ್ದಾಗ ತಾಯಿ ಹಾಜಿರಾ ಸಫಾ ಮತ್ತು ಮರ್ವಾ ಎಂಬ ಎರಡು ಗುಡ್ಡಗಳ ನಡುವೆ ಏಳು ಸಲ ಓಡಾಡಿದಳು. ಆಮೇಲೆ ಮಗುವಿನ ಕಾಲ ಬಳಿ ಝಂಝಂ ನೀರು ಚಿಮ್ಮಿತೆಂದು ನಂಬಿಕೆ. ಹಜ್ ಯಾತ್ರಿಕರು ಇಂದಿಗೂ ಆ ತಾಯಿಯ ಹಾದಿಯಲ್ಲಿ ಏಳು ಸಲ ನಡೆಯುತ್ತಾರೆ. ಗಮನಿಸಿ, ಹಾಜಿರಾ ದೇವರನ್ನು ನಂಬಿದ್ದಳು, ಆದರೂ ಓಡಿದಳು. ನಂಬಿದ್ದರಿಂದಲೇ ಓಡಿದಳು ಎನ್ನುವವರೂ ಉಂಟು. ರಕ್ತ ಪರೀಕ್ಷೆಯ ಚೀಟಿ ಹಿಡಿದು ಒಂದು ಕೌಂಟರಿನಿಂದ ಇನ್ನೊಂದು ಕೌಂಟರಿಗೆ ಅಲೆಯುವ ತಾಯಿಗೆ ಈ ಕಥೆ ಎಷ್ಟು ಹತ್ತಿರದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮೂರನೆಯ ಪ್ರಶ್ನೆ, ದಿನಗಳನ್ನು ಕಳೆಯುವುದು. ದೂರದಿಂದ ನೋಡುವವರಿಗೆ ಧರ್ಮವೆಂದರೆ ಸಿದ್ಧಾಂತ. ವಾರ್ಡಿನಲ್ಲಿರುವವರಿಗೆ ಅದು ದಿನಚರಿ. ಐದು ಹೊತ್ತಿನ ನಮಾಜು ಗಡಿಯಾರವಿಲ್ಲದಂತಾದ ಆಸ್ಪತ್ರೆಯ ದಿನಕ್ಕೆ ಒಂದು ಲಯ ಕೊಡುತ್ತದೆ. ನಮ್ಮ ನಾಡಿನಿಂದ ಮೆಕ್ಕಾ ಪಡುವಣ ದಿಕ್ಕಿಗೆ, ತುಸು ಬಡಗಣಕ್ಕೆ ವಾಲಿದಂತೆ ಇದೆ. ಆ ಕಡೆ ಮುಖಮಾಡಿ ಮಂಚದ ಪಕ್ಕದಲ್ಲಿ ಚಾಪೆ ಹಾಸಲು ಒಂದಿಷ್ಟು ಜಾಗ ಸಿಕ್ಕರೆ ಸಾಕು. ಕಾಯಿಲೆಯವರಿಗೆ ನಿಯಮಗಳಲ್ಲಿ ರಿಯಾಯಿತಿಗಳಿವೆ. ನಿಲ್ಲಲಾಗದವರು ಕುಳಿತು, ಕೂರಲಾಗದವರು ಮಲಗಿಯೇ ಪ್ರಾರ್ಥಿಸಬಹುದು. ನೀರು ತಾಕಿದರೆ ಹಾನಿಯೆಂದಾದರೆ ಶುದ್ಧವಾದ ಮಣ್ಣನ್ನು ಮುಟ್ಟಿ ಕೈ ಮುಖ ಸವರಿಕೊಳ್ಳುವ ತಯಮ್ಮುಮ್ ಎಂಬ ವಿಧಿಯಿದೆ. ರಂಜಾನಿನ ಉಪವಾಸದಿಂದ ಕಾಯಿಲೆಯವರಿಗೆ ಕುರ್‌ಆನೇ ವಿನಾಯಿತಿ ಕೊಟ್ಟಿದೆ; ಪ್ರಾಯಕ್ಕೆ ಬರದ ಮಕ್ಕಳಿಗಂತೂ ಉಪವಾಸ ಕಡ್ಡಾಯವೇ ಅಲ್ಲ.

ಈ ಕೊನೆಯ ಮಾತು ನಿಮ್ಮ ವಯಸ್ಸಿನವರಿಗೆ ಮುಖ್ಯ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವ ಹದಿನಾಲ್ಕರ ಹುಡುಗಿಯೊಬ್ಬಳು, ಮನೆಯವರೆಲ್ಲ ಉಪವಾಸವಿರುವಾಗ ತಾನೊಬ್ಬಳೇ ಊಟ ಮಾಡುವುದು ಅವಮಾನವೆಂದು ತಿಳಿದು ಗುಟ್ಟಾಗಿ ಉಪವಾಸ ಮಾಡಬಹುದು. ರಕ್ತದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು ಅಥವಾ ಏರಬಹುದು. ವಿನಾಯಿತಿಯನ್ನು ಬಳಸುವುದು ಭಕ್ತಿಯ ಕೊರತೆಯಲ್ಲ, ಅದೂ ಧರ್ಮವೇ ಕೊಟ್ಟ ದಾರಿ ಎಂದು ಅವಳಿಗೆ ಹಿರಿಯರು ಹೇಳಬೇಕು. ರಂಜಾನಿಗೆ ಮೊದಲೇ ವೈದ್ಯರನ್ನು ಕೇಳಬೇಕು.

ಮಗುವಿನ ಹಣೆಯ ಮೇಲೆ ಕೈಯಿಟ್ಟು ಫಾತಿಹಾ ಮುಂತಾದ ಅಧ್ಯಾಯಗಳನ್ನು ಓದಿ ಮೆಲ್ಲನೆ ಊದುವುದು ಅನೇಕ ಮನೆಗಳ ರೂಢಿ. ಅಜ್ಜಿಯ ಆ ಪಿಸುಮಾತಿನಲ್ಲಿ ಮಗು ನಿದ್ದೆಹೋಗುತ್ತದೆ. ಇಲ್ಲಿ ಒಂದೆರಡು ಎಚ್ಚರಗಳನ್ನು ಹೇಳಲೇಬೇಕು. ಕೀಮೊಥೆರಪಿಯ ಬಳಿಕ ಬಿಳಿ ರಕ್ತಕಣಗಳು ತೀರ ಕಡಿಮೆಯಾಗಿ ಮಗುವಿಗೆ ಸೋಂಕನ್ನು ತಡೆಯುವ ಶಕ್ತಿ ಕುಂದಿರುತ್ತದೆ. ಆಗ ಊದುವ ಉಸಿರೂ, ಗುಂಪಾಗಿ ಬರುವ ನೆಂಟರೂ, ಕುದಿಸದ ನೀರೂ ಅಪಾಯ ತರಬಹುದು. ಮುಖಗವಸು ಧರಿಸಿ ತುಸು ದೂರದಲ್ಲಿ ಕುಳಿತು ಓದಿದರೆ ಪ್ರಾರ್ಥನೆಯ ತೂಕವೇನೂ ಕಡಿಮೆಯಾಗದು. ದೂರದಿಂದ ತಂದ ಝಂಝಂ ನೀರನ್ನು ವೈದ್ಯರನ್ನು ಕೇಳಿಯೇ ಕೊಡಬೇಕು. ಜೇನುತುಪ್ಪದಲ್ಲಿ ಗುಣವಿದೆಯೆಂದು ಕುರ್‌ಆನ್ ಹೇಳುತ್ತದೆ, ನಿಜ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನು ಕೊಡಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯದಿಂದ ಹಸುಳೆಯ ಸ್ನಾಯುಗಳು ಸೋತುಹೋಗುವ ಕಾಯಿಲೆ ಬರಬಹುದು. ಔಷಧದ ಕ್ಯಾಪ್ಸೂಲಿನ ಹೊರಕವಚದಲ್ಲಿ ಪ್ರಾಣಿಜನ್ಯ ಜೆಲಟಿನ್ ಇದೆಯೆಂದು ಚಿಂತಿಸುವವರೂ ಇದ್ದಾರೆ. ಪ್ರಾಣರಕ್ಷಣೆಗೆ ಬೇರೆ ಮಾರ್ಗವಿಲ್ಲದಾಗ ನಿಷಿದ್ಧವಾದದ್ದೂ ಸಮ್ಮತವಾಗುತ್ತದೆ ಎಂಬುದು ಇಸ್ಲಾಮೀ ಧರ್ಮಶಾಸ್ತ್ರದ ಪ್ರಸಿದ್ಧ ಸೂತ್ರ. ಔಷಧವನ್ನು ಗುಟ್ಟಾಗಿ ಎಸೆಯುವುದಕ್ಕಿಂತ ಸಂಶಯವನ್ನು ವೈದ್ಯರ ಮುಂದೆ ಬಿಚ್ಚಿಡುವುದು ಎಷ್ಟೋ ಲೇಸು.

ಹರಕೆಯ ಮಾತೂ ಬರುತ್ತದೆ. 1422ರಲ್ಲಿ ಕಾಲವಾದ ಸೂಫಿ ಸಂತ ಖ್ವಾಜಾ ಬಂದೇನವಾಜರ ಕಲಬುರಗಿಯ ದರ್ಗಾಕ್ಕೆ ಕಾಯಿಲೆಯ ಮಕ್ಕಳನ್ನು ಎತ್ತಿಕೊಂಡು ಮುಸ್ಲಿಮರೂ ಹಿಂದೂಗಳೂ ಹೋಗುತ್ತಾರೆ. ಮುಸ್ಲಿಮರಲ್ಲೇ ಇನ್ನು ಕೆಲವರು, ಬೇಡಿಕೆಯನ್ನು ನೇರವಾಗಿ ದೇವರ ಮುಂದೆ ಮಾತ್ರ ಇಡಬೇಕೆಂದು ಹೇಳಿ ಇದನ್ನು ಒಪ್ಪುವುದಿಲ್ಲ, ತಾಯಿತವನ್ನೂ ಒಪ್ಪುವುದಿಲ್ಲ. ಈ ಚರ್ಚೆ ಹಳೆಯದು, ಅದನ್ನು ಬಗೆಹರಿಸುವುದು ನಮ್ಮ ಕೆಲಸವಲ್ಲ. ನಾವು ನೋಡಬೇಕಾದದ್ದು ಒಂದೇ: ಚಿಕಿತ್ಸೆಯ ದಿನಾಂಕ ತಪ್ಪುತ್ತಿದೆಯೇ? ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶ್ರೀಮಂತ ದೇಶಗಳಲ್ಲಿ ಶೇ. 80ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆಂದೂ, ಬಡ ದೇಶಗಳಲ್ಲಿ ಆ ಪ್ರಮಾಣ ಬಹಳ ಕಡಿಮೆಯೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಡವಾಗಿ ರೋಗ ಪತ್ತೆಯಾಗುವುದು, ಹಣವಿಲ್ಲದೆಯೋ ಸುಳ್ಳು ಭರವಸೆ ನಂಬಿಯೋ ಚಿಕಿತ್ಸೆಯನ್ನು ನಡುವೆ ಬಿಡುವುದು, ಇವೂ ಅದಕ್ಕೆ ಕಾರಣಗಳು. ಮೊದಲ ತಿಂಗಳ ಔಷಧದಿಂದ ಮಗು ಲವಲವಿಕೆಯಾದಾಗ ‘ಹರಕೆ ಫಲಿಸಿತು, ಇನ್ನು ಆಸ್ಪತ್ರೆ ಬೇಡ’ ಎನ್ನಿಸುವುದು ಸಹಜ. ಅಡಗಿರುವ ರೋಗಕಣಗಳು ಮತ್ತೆ ತಲೆಯೆತ್ತುವುದು ಆಗಲೇ. ಹರಕೆ ತೀರಿಸುವವರು ತೀರಿಸಲಿ, ಮುಂದಿನ ತಾರೀಕಿಗೆ ಆಸ್ಪತ್ರೆಯಲ್ಲಿಯೂ ಇರಲಿ.

ದಿನಚರಿಯ ಇನ್ನೊಂದು ಮುಖ ಸಮುದಾಯ. ಕಾಯಿಲೆಯವರನ್ನು ಹೋಗಿ ನೋಡುವುದು ಮುಸ್ಲಿಮರಿಗೆ ಸೌಜನ್ಯ ಮಾತ್ರವಲ್ಲ, ಕರ್ತವ್ಯ. ಮಗುವಿನ ಹೆಸರಿನಲ್ಲಿ ಬಡವರಿಗೆ ಕೊಡುವ ದಾನಕ್ಕೆ ಸದಖಾ ಎನ್ನುತ್ತಾರೆ. ಉಳ್ಳವರು ತಮ್ಮ ಉಳಿತಾಯದಲ್ಲಿ ವರ್ಷಕ್ಕೆ ಶೇ. 2.5ರಷ್ಟನ್ನು ಝಕಾತ್ ಆಗಿ ಕೊಡಬೇಕು. ಇದರಿಂದ ಎಷ್ಟೋ ಬಡ ರೋಗಿಗಳ ಔಷಧದ ಬಿಲ್ಲು ಸಲ್ಲುತ್ತದೆ. ಶುಕ್ರವಾರದ ನಮಾಜಿನ ಬಳಿಕ ಮಸೀದಿಯಲ್ಲಿ ಆ ಮಗುವಿಗಾಗಿ ನೂರಾರು ಕೈಗಳು ಮೇಲೇಳುವಾಗ ತಂದೆಗೆ ತಾನು ಒಂಟಿಯಲ್ಲ ಎನಿಸುತ್ತದೆ.

ಮನೆಯಲ್ಲಿ ಉಳಿದ ಮಕ್ಕಳನ್ನು ಇಲ್ಲಿ ಮರೆಯಬಾರದು. ಮೂಸಾ ಪ್ರವಾದಿಯ ಕಥೆಯಲ್ಲಿ ತಾಯಿ ಕೂಸನ್ನು ನದಿಗೆ ಬಿಟ್ಟಾಗ ಅವಳ ಎದೆ ಬರಿದಾಯಿತೆಂದು ಕುರ್‌ಆನ್ ಹೇಳುತ್ತದೆ. ಆಪರೇಷನ್ ಕೋಣೆಯ ಬಾಗಿಲಲ್ಲಿ ಮಗುವನ್ನು ಬಿಟ್ಟು ನಿಲ್ಲುವ ತಾಯಿಯ ಸ್ಥಿತಿಯೂ ಅದೇ. ಆದರೆ ಆ ಕಥೆಯಲ್ಲಿ ಒಬ್ಬ ಅಕ್ಕನೂ ಇದ್ದಾಳೆ. ದಡದ ಮೇಲೆ ದೂರದಿಂದ ತಮ್ಮನನ್ನೇ ನೋಡುತ್ತಾ ಹೋಗುವವಳು ಅವಳು. ಅಜ್ಜಿಯ ಮನೆಯಲ್ಲಿ ಉಳಿದು, ತಾನೇ ಜಡೆ ಹಾಕಿಕೊಂಡು ಶಾಲೆಗೆ ಬರುವ ಹುಡುಗಿಯೂ ಹಾಗೆಯೇ ದೂರದಿಂದ ನೋಡುತ್ತಿರುತ್ತಾಳೆ. ಅವಳನ್ನು ‘ತಮ್ಮ ಹೇಗಿದ್ದಾನೆ’ ಎಂದು ಎಲ್ಲರೂ ಕೇಳುತ್ತಾರೆ. ‘ನೀನು ಹೇಗಿದ್ದೀಯ’ ಎಂದು ಯಾರಾದರೂ ಕೇಳಬೇಕು.

ನಾಲ್ಕನೆಯ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಎಲ್ಲ ಪ್ರಯತ್ನಗಳ ನಂತರವೂ ಕೆಲವು ಮಕ್ಕಳು ಉಳಿಯುವುದಿಲ್ಲ. ಆಗ ‘ಸಬರ್’ ಅಂದರೆ ಸಹನೆ ಎಂಬ ಪದ ಮತ್ತೆ ಮತ್ತೆ ಕೇಳಿಬರುತ್ತದೆ. ಸಹನೆಯೆಂದರೆ ಅಳದಿರುವುದೇ? ಅಲ್ಲ. ಮಗ ಯೂಸುಫನನ್ನು ಕಳೆದುಕೊಂಡ ಯಾಕೂಬರು ಅತ್ತು ಅತ್ತು ಕಣ್ಣು ಕಳೆದುಕೊಂಡರೆಂದು ಕುರ್‌ಆನ್ ಹೇಳುತ್ತದೆ. ಸುಂದರವಾದ ಸಹನೆಯ ಮಾತು ಬರುವುದೂ ಅವರ ಬಾಯಲ್ಲೇ. ಪ್ರವಾದಿ ಮುಹಮ್ಮದರಿಗೆ ಹುಟ್ಟಿದ ಗಂಡುಮಕ್ಕಳೆಲ್ಲ ಚಿಕ್ಕಂದಿನಲ್ಲೇ ತೀರಿಕೊಂಡರು. ಕೊನೆಯ ಮಗ ಇಬ್ರಾಹಿಂ ಎರಡು ವರ್ಷವೂ ತುಂಬದೆ ಮದೀನಾದಲ್ಲಿ ಕಣ್ಮುಚ್ಚಿದಾಗ ಅವರು ಕಣ್ಣೀರಿಟ್ಟರು. ನೀವೂ ಅಳುವುದೇ ಎಂದು ಕೇಳಿದವರಿಗೆ, ಇದು ಕರುಣೆ ಎಂದರು. ಅದೇ ದಿನ ಸೂರ್ಯಗ್ರಹಣವಾಯಿತು, ಕ್ರಿ.ಶ. 632ರ ಜನವರಿ 27ರ ಗ್ರಹಣ ಅದೆಂದು ಇತಿಹಾಸಕಾರರು ಗುರುತಿಸುತ್ತಾರೆ. ಪ್ರವಾದಿಯ ಮಗ ಸತ್ತದ್ದಕ್ಕೇ ಸೂರ್ಯ ಮಂಕಾದನೆಂದು ಜನ ಆಡಿಕೊಂಡರು. ಸೂರ್ಯಚಂದ್ರರಿಗೆ ಯಾರ ಸಾವಿನಿಂದಲೂ ಗ್ರಹಣ ಹಿಡಿಯುವುದಿಲ್ಲ ಎಂದು ಪ್ರವಾದಿ ಅವರನ್ನು ತಿದ್ದಿದರು. ವಿದ್ಯಾರ್ಥಿಗಳಾದ ನೀವು ಇದನ್ನು ವಿಶೇಷವಾಗಿ ಗಮನಿಸಬೇಕು. ಮಗನನ್ನು ಕಳೆದುಕೊಂಡ ಗಳಿಗೆಯಲ್ಲೂ ತಂದೆಯೊಬ್ಬ ತನ್ನ ದುಃಖವನ್ನು ಮುಚ್ಚಿಡಲಿಲ್ಲ, ಮೂಢನಂಬಿಕೆಗೂ ಎಡೆ ಕೊಡಲಿಲ್ಲ.

ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು ಸ್ವರ್ಗದಲ್ಲಿದ್ದಾರೆ, ತಂದೆತಾಯಿಗಾಗಿ ಅಲ್ಲಿ ಬೇಡಿಕೊಳ್ಳುತ್ತಾರೆ ಎಂಬ ನಂಬಿಕೆ ಮುಸ್ಲಿಮರಲ್ಲಿ ಆಳವಾಗಿದೆ. ದಫನನ್ನು ತಡಮಾಡದೆ, ಸಾಧ್ಯವಾದರೆ ಅದೇ ದಿನ ಮಾಡುತ್ತಾರೆ. ಆದುದರಿಂದ ಆಸ್ಪತ್ರೆಯ ಕಾಗದಪತ್ರಗಳು ಬೇಗ ಮುಗಿದರೆ ಆ ಕುಟುಂಬಕ್ಕೆ ಅದೇ ದೊಡ್ಡ ಉಪಕಾರ.

ಮಿತ್ರರೇ, ಇಷ್ಟು ಕೇಳಿದ ಮೇಲೆ ನೀವೇನು ಮಾಡಬಹುದು? ಗೆಳೆಯ ಚಿಕಿತ್ಸೆಯ ನಡುವೆ ಶಾಲೆಗೆ ಬಂದರೆ ಅವನ ಉದುರಿದ ಕೂದಲನ್ನು ನೋಡಿ ನಗಬೇಡಿ, ದೂರ ಸರಿಯಲೂ ಬೇಡಿ. ನಿಮಗೆ ನೆಗಡಿಯೋ ಜ್ವರವೋ ಇದ್ದರೆ ಮಾತ್ರ ಅವನ ಒಳಿತಿಗಾಗಿ ದೂರವಿರಿ. ತಪ್ಪಿಹೋದ ಪಾಠಗಳನ್ನು ಬರೆದುಕೊಡಿ. ಕಾರಣ ವಿಚಾರಿಸುವ, ಪಾಪಪುಣ್ಯ ಅಳೆಯುವ ಮಾತು ಬೇಡ. ನಿಮ್ಮ ಮನೆಯ ದೇವರಿಗೆ ನೀವು ಕೈಮುಗಿದು ಬೇಡಿಕೊಂಡರೆ ಆ ತಾಯಿ ಬೇಡವೆನ್ನುವುದಿಲ್ಲ. ಹದಿನೆಂಟು ತುಂಬಿ, ತೂಕ 45 ಕಿಲೋಗ್ರಾಮ್ ದಾಟಿ, ಆರೋಗ್ಯವಾಗಿರುವ ಕಾಲೇಜು ವಿದ್ಯಾರ್ಥಿಗಳು ರಕ್ತದಾನ ಮಾಡಬಹುದು. ಲುಕೇಮಿಯದ ಮಗುವಿಗೂ ಥಲಸ್ಸೀಮಿಯದ ಮಗುವಿಗೂ ರಕ್ತ ಮತ್ತೆ ಮತ್ತೆ ಬೇಕಾಗುತ್ತದೆ. ರಕ್ತದ ಚೀಲದ ಮೇಲೆ ಗುಂಪಿನ ಹೆಸರಿರುತ್ತದೆ, ಕೊಟ್ಟವರ ಜಾತಿ ಧರ್ಮಗಳ ಹೆಸರಿರುವುದಿಲ್ಲ.

ದುವಾ ಮಾಡುವುದು ಆ ಮನೆಯವರಿಗೆ ಗೊತ್ತು. ದವಾ ಒದಗುವಂತೆ ಮಾಡುವುದರಲ್ಲಿ ನಮ್ಮ ಪಾಲೂ ಇದೆ.